ಪದಚರ್ಚೆ: ‘ಅನಿಲ ದಾಸ್ತಾನು ಕಂಪನಿ’ ಅಂದರೆ ದಾಸ್ತಾನು ಯಾರದು?

ಬಳಗದ ಎಲ್ಲರಿಗೂ ನಮಸ್ಕಾರ.

ಹಣ ಹೂಡಲು ಹೊರಟವರಿಗಾಗಿ ಬರೆದ ಪುಟ್ಟ ಕೈಪಿಡಿಯೊಂದರ ಕನ್ನಡ ಕರಡು ತಿದ್ದುವುದಕ್ಕೆಂದು ನನ್ನ ಬಳಿ ಬಂದಿದೆ. ಅದರಲ್ಲೊಂದು ಅಧ್ಯಾಯದ ತಲೆಬರಹ: ‘ಅನಿಲ ದಾಸ್ತಾನು, ಜಲಜನಕ ಮತ್ತು ನೌಕಾ ನಿರ್ಮಾಣ ಕಂಪನಿಗಳಲ್ಲಿ ಹೂಡಿಕೆ’. ಮೇಲುನೋಟಕ್ಕೆ ಏನೂ ಕೊಂಕಿಲ್ಲ. ಪದಗಳೆಲ್ಲ ಪತ್ರಿಕೆಗಳಲ್ಲಿ ದಿನವೂ ಕಾಣುವಂಥವೇ. ಆದರೆ ಕರಡನ್ನು ಓದಲು ಕೊಟ್ಟ ಮೂವರು ಗೆಳೆಯರು ಮೂರು ಪ್ರಶ್ನೆ ಕೇಳಿದರು. ‘ಅನಿಲದ ಬೆಲೆ ಏರಿದರೆ ದಾಸ್ತಾನು ಕಂಪನಿಗೆ ಲಾಭ ತಾನೇ?’ ಎಂದರು ಒಬ್ಬರು. ‘ಇಂಧನ ಕೋಶ ಅಂದರೆ ಜಲಜನಕ ತುಂಬಿಡುವ ಟ್ಯಾಂಕೇ?’ ಎಂದು ಇನ್ನೊಬ್ಬರು. ‘ಹಡಗಿನ ಬಾಡಿಗೆ ಏರಿದೆಯಂತೆ, ಹಾಗಾದರೆ ನೌಕಾ ಕಂಪನಿಯ ಷೇರೂ ಏರಬೇಕಲ್ಲ?’ ಎಂದು ಮತ್ತೊಬ್ಬರು. ಮೂರಕ್ಕೂ ‘ಹಾಗಲ್ಲ’ ಎಂದೇ ಉತ್ತರ. ಮೂವರೂ ಲೆಕ್ಕಪತ್ರ ಬಲ್ಲವರು. ಅವರು ಎಡವಿದ್ದು ವಿಷಯದಲ್ಲಿ ಅಲ್ಲ, ನಾವು ಇಟ್ಟ ಪದಗಳ ಮೇಲೆ ಕಾಲಿಟ್ಟು ಜಾರಿದರು ಎಂಬುದು ನನ್ನ ಗುಮಾನಿ. ಅದನ್ನೇ ಇಲ್ಲಿ ಬಿಡಿಸಿಡುತ್ತೇನೆ. (ಯಾವ ಷೇರು ಕೊಳ್ಳಬೇಕೆಂದು ಮಾತ್ರ ಕೇಳಬೇಡಿ. ನಾನು ಕಾಗುಣಿತ ತಿದ್ದುವವ.)

ಮೊದಲು ದಾಸ್ತಾನು. ಈ ಪದ ಕೇಳಿದೊಡನೆ ನಮಗೆ ಹೊಳೆಯುವುದು ಎರಡು. ಒಂದು ವ್ಯಾಪಾರಿಯ ಸರಕು: ‘ದಾಸ್ತಾನು ಮುಗಿದಿದೆ, ಮುಂದಿನ ವಾರ ಬನ್ನಿ’. ಇನ್ನೊಂದು ಪೊಲೀಸ್ ವರದಿಯ ದಾಸ್ತಾನು, ಅದರ ಹಿಂದೆ ‘ಅಕ್ರಮ’ ಎಂಬ ಗುಣವಾಚಕ ಬಿಡದೆ ಅಂಟಿಕೊಂಡಿರುತ್ತದೆ. ಎರಡರಲ್ಲೂ ಸಮಾನವಾದ ಅಂಶವೆಂದರೆ, ಸರಕು ಇಟ್ಟವನದೇ. ದಾಸ್ತಾನು ಮಾಡಿದವನು ಬೆಲೆ ಏರಲೆಂದು ಕಾಯುತ್ತಾನೆ, ಏರಿದಾಗ ಮಾರುತ್ತಾನೆ. ಹಾಗಾಗಿ ‘ಅನಿಲ ದಾಸ್ತಾನು ಕಂಪನಿ’ ಎಂದು ಓದಿದವರು ಅನಿಲದ ಬೆಲೆ ಏರಲೆಂದು ಹಾರೈಸುವುದು ಸಹಜ.

ಆದರೆ ಆ ಕಂಪನಿಗಳಲ್ಲಿ ಹೆಚ್ಚಿನವು ಅನಿಲದ ಒಡೆಯರಲ್ಲ, ಜಾಗದ ಒಡೆಯರು. ಅನಿಲ ಬೇರೆಯವರದು: ಮಾರಾಟಗಾರರದು, ವಿದ್ಯುತ್ ಕಂಪನಿಗಳದು, ಮನೆಮನೆಗೆ ಅನಿಲ ಹಂಚುವವರದು. ಜಾಗದ ಒಡೆಯನಿಗೆ ಸಿಗುವುದು ಬಾಡಿಗೆ. ಆ ಬಾಡಿಗೆ ಎಷ್ಟೆಂಬುದನ್ನು ನಿರ್ಧರಿಸುವುದು ಅನಿಲದ ಬೆಲೆಯಲ್ಲ, ಎರಡು ಬೆಲೆಗಳ ನಡುವಿನ ಅಂತರ. ಚಳಿಯ ದೇಶಗಳಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅನಿಲವನ್ನು ನೆಲದಡಿಗೆ ತುಂಬುತ್ತಾರೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ತೆಗೆಯುತ್ತಾರೆ. ಬೇಸಿಗೆಯಲ್ಲಿ ಅಗ್ಗ, ಚಳಿಗಾಲದಲ್ಲಿ ತುಟ್ಟಿ ಎಂಬ ಲೆಕ್ಕ ಇರುವವರೆಗೆ ಜಾಗಕ್ಕೆ ಗಿರಾಕಿ. ಎರಡೂ ಕಾಲದಲ್ಲಿ ಬೆಲೆ ಆಕಾಶಕ್ಕೇರಿ ಅಲ್ಲೇ ನಿಂತರೆ ತುಂಬಿಡುವುದರಲ್ಲಿ ಯಾರಿಗೂ ಲಾಭವಿಲ್ಲ. 2025ರ ಆರಂಭದಲ್ಲಿ ಯುರೋಪಿನ ಮಾರುಕಟ್ಟೆಯಲ್ಲಿ ಇದಕ್ಕೂ ವಿಚಿತ್ರವಾದದ್ದು ನಡೆಯಿತು. ಬರಲಿದ್ದ ಬೇಸಿಗೆಯ ಅನಿಲ ಅದರ ಮುಂದಿನ ಚಳಿಗಾಲದ ಅನಿಲಕ್ಕಿಂತ ತುಟ್ಟಿಯಾಗಿತ್ತು. ತುಟ್ಟಿಗೆ ಕೊಂಡು ಅಗ್ಗಕ್ಕೆ ಮಾರಲು ಯಾರು ಬಾಡಿಗೆ ಕಟ್ಟುತ್ತಾರೆ? ಆದರೂ ತುಂಬುವ ಒತ್ತಾಯ ಇತ್ತು. 2022ರಲ್ಲಿ ಯುರೋಪಿಯನ್ ಒಕ್ಕೂಟ ಕಾನೂನು ಮಾಡಿ, ಆ ವರ್ಷ ನವೆಂಬರ್ 1ರೊಳಗೆ ಶೇ. 80, ಮುಂದಿನ ವರ್ಷಗಳಲ್ಲಿ ಶೇ. 90 ತುಂಬಿರಬೇಕೆಂದು ವಿಧಿಸಿತ್ತು. ಬ್ರಿಟನ್ನಿನ ಅತಿ ದೊಡ್ಡ ಅನಿಲ ಸಂಗ್ರಹಾಗಾರ, ಉತ್ತರ ಸಮುದ್ರದಡಿಯ ‘ರಫ್’, 2017ರಲ್ಲಿ ಮುಚ್ಚುವ ತೀರ್ಮಾನವಾಗಿ, ಉಕ್ರೇನ್ ಯುದ್ಧದ ಬಿಸಿ ತಟ್ಟಿದ ಮೇಲೆ 2022ರ ಅಕ್ಟೋಬರ್‌ನಲ್ಲಿ ಮತ್ತೆ ಬಾಯಿ ತೆರೆಯಿತು. ಈ ಯಾವ ಕತೆಯೂ ‘ದಾಸ್ತಾನು’ ಎಂಬ ಪದದೊಳಗೆ ಹಿಡಿಸುವುದಿಲ್ಲ. ನಮ್ಮಲ್ಲಿ ‘ಗೋದಾಮು’ ಎಂಬ ಪದವಿದೆ. ಗೋದಾಮಿನವನು ಬೇರೆ, ಸರಕಿನವನು ಬೇರೆ ಎಂಬ ತಿಳಿವಳಿಕೆ ಆ ಪದದ ಜೊತೆಗೇ ಬರುತ್ತದೆ. ‘ಅನಿಲ ಗೋದಾಮು ಕಂಪನಿ’ ಎಂದರೆ ಕಿವಿಗೆ ಒರಟು ನಿಜ, ಆದರೆ ನನ್ನ ಮೊದಲ ಗೆಳೆಯ ಆ ಪ್ರಶ್ನೆ ಕೇಳುತ್ತಿರಲಿಲ್ಲ.

‘ಸಂಗ್ರಹ’ ಎಂದು ಬದಲಿಸಿದರಾಯಿತಲ್ಲ ಎನ್ನಬಹುದು. ಅಲ್ಲೂ ಒಂದು ಗುಂಡಿ ಇದೆ. ತೆರಿಗೆ ಸಂಗ್ರಹ, ಚಂದಾ ಸಂಗ್ರಹ, ಹಾಲು ಸಂಗ್ರಹ ಎನ್ನುವಾಗ ಸಂಗ್ರಹ ಎಂದರೆ ಹಲವು ಕಡೆಯಿಂದ ಒಟ್ಟುಗೂಡಿಸುವುದು, ಇಡುವುದಲ್ಲ. ಅನಿಲದ ಉದ್ಯಮದಲ್ಲಿ ಆ ಕೆಲಸವೂ ಬೇರೆಯಾಗಿಯೇ ಇದೆ. ಚದುರಿದ ಬಾವಿಗಳಿಂದ ಸಣ್ಣ ಕೊಳವೆಗಳಲ್ಲಿ ಅನಿಲ ಒಟ್ಟುಗೂಡಿಸಿ ದೊಡ್ಡ ಕೊಳವೆಗೆ ಮುಟ್ಟಿಸುವ ಕಂಪನಿಗಳು ಪ್ರತ್ಯೇಕ, ಅವುಗಳ ಗಳಿಕೆಯ ರೀತಿಯೂ ಪ್ರತ್ಯೇಕ. ಒಂದೇ ಪುಸ್ತಕದಲ್ಲಿ ಎರಡೂ ಬಂದರೆ ಎರಡಕ್ಕೂ ‘ಅನಿಲ ಸಂಗ್ರಹ’ ಎಂದು ಬರೆಯುವುದೇ? ‘ಕೂಡಿಡು’ ಎಂಬ ಕ್ರಿಯಾಪದ ಇಲ್ಲಿ ಪಾರುಮಾಡೀತು. ಅದರಲ್ಲಿ ಕೂಡುವುದೂ ಇದೆ, ಇಡುವುದೂ ಇದೆ, ಭಾರವೆಲ್ಲ ‘ಇಡು’ವಿನ ಮೇಲೆ ಬೀಳುತ್ತದೆ.

ಇನ್ನು ಎಲ್ಲಿ ಇಡುತ್ತಾರೆ ಎಂಬುದು. ಕರಡಿನಲ್ಲಿ ಎಲ್ಲ ಕಡೆ ‘ಭೂಗತ ಗುಹೆ’ ಎಂದಿದೆ. ನೆಲ ತೋಡಿ ಕಾಳು ತುಂಬಿ ಬಾಯಿ ಮುಚ್ಚುವ ಕುಳಿಗೆ ಕನ್ನಡದಲ್ಲಿ ‘ಹಗೇವು’ ಎಂಬ ಸೊಗಸಾದ ಪದವಿದೆಯಲ್ಲ, ಅದನ್ನೇ ಎತ್ತಿಕೊಂಡರಾಯಿತು ಎಂದು ನನಗೆ ಮೊದಲು ಉತ್ಸಾಹ ಬಂತು. ಎರಡು ದಿನ ಆ ಉತ್ಸಾಹದಲ್ಲೇ ಇದ್ದೆ. ಆಮೇಲೆ ನೋಡಿದರೆ, ಅನಿಲ ಇಡುವ ಜಾಗಗಳಲ್ಲಿ ಮೂರು ಬಗೆ: ತೆಗೆದು ಬರಿದಾದ ಅನಿಲ ಅಥವಾ ತೈಲದ ನಿಕ್ಷೇಪ, ನೀರು ಹಿಡಿದಿರುವ ಬಂಡೆಯ ಪದರ, ಮತ್ತು ಉಪ್ಪಿನ ಪದರದಲ್ಲಿ ನೀರು ಹರಿಸಿ ಕರಗಿಸಿ ಮಾಡಿದ ಪೊಳ್ಳು. ಮೊದಲ ಎರಡರಲ್ಲಿ ಗುಹೆಯೂ ಇಲ್ಲ, ಕುಳಿಯೂ ಇಲ್ಲ. ಸ್ಪಂಜಿನೊಳಗೆ ನೀರು ಇರುವಂತೆ ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಅನಿಲ ಕೂತಿರುತ್ತದೆ. ಹಗೇವು ಎಂಬುದು ಒಪ್ಪುವುದು ಮೂರನೆಯದಕ್ಕೆ ಮಾತ್ರ. ಹಾಗಾಗಿ ‘ಉಪ್ಪಿನ ಹಗೇವು’ ಎಂಬುದನ್ನು ಆ ಒಂದಕ್ಕೆ ಮೀಸಲಿಡಬಹುದೇ ಎಂಬುದು ನನ್ನ ಮೊದಲ ಪ್ರಶ್ನೆ. ಇದು ಬರಿಯ ಅಂದಕ್ಕಾಗಿ ಕೇಳುವುದಲ್ಲ. ಹೈಡ್ರೋಜನ್ನನ್ನು ನೆಲದಡಿ ಶುದ್ಧವಾಗಿ ಕೂಡಿಟ್ಟು ಅನುಭವವಿರುವುದು ಈ ಉಪ್ಪಿನ ಪೊಳ್ಳುಗಳಲ್ಲೇ. ಇಂಗ್ಲೆಂಡಿನ ಟೀಸೈಡ್‌ನಲ್ಲಿ 1972ರಿಂದ, ಅಮೆರಿಕದ ಟೆಕ್ಸಾಸ್‌ನಲ್ಲಿ 1980ರ ದಶಕದಿಂದ ಇದು ನಡೆದಿದೆ. ‘ಅನಿಲ ಕೂಡಿಡುವ ಕಂಪನಿ ನಾಳೆ ಹೈಡ್ರೋಜನ್ ಕೂಡಿಡುತ್ತದೆ’ ಎಂದು ಯಾರಾದರೂ ಹೂಡಿಕೆದಾರರಿಗೆ ಹೇಳಿದರೆ, ಅದರ ಬಳಿ ಇರುವುದು ಹಗೇವೋ ಬಂಡೆಯೋ ಎಂದು ಕೇಳಬೇಕಾಗುತ್ತದೆ. ಎಲ್ಲವನ್ನೂ ಗುಹೆ ಎಂದು ಕರೆದರೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಇದೇ ಅಧ್ಯಾಯದಲ್ಲಿ ‘ಮೆತ್ತನೆಯ ಅನಿಲ’ ಎಂಬುದು ನಾಲ್ಕು ಕಡೆ ಬಂದಿದೆ. ನಕ್ಕು ಮುಗಿಸಿದ ಮೇಲೆ ಮೂಲ ನೋಡಿದೆ: ಕುಶನ್ ಗ್ಯಾಸ್. ಅದರ ಪಕ್ಕದಲ್ಲಿ ‘ಕೆಲಸ ಮಾಡುವ ಅನಿಲ’, ಅಂದರೆ ವರ್ಕಿಂಗ್ ಗ್ಯಾಸ್. (ತುಂಬುವ ಕಾಲಕ್ಕೆ, ಅಂದರೆ ‘ಇಂಜೆಕ್ಷನ್ ಸೀಸನ್’ಗೆ, ‘ಚುಚ್ಚುಮದ್ದಿನ ಹಂಗಾಮು’ ಎಂದೂ ಇತ್ತು. ಯಂತ್ರಾನುವಾದದ ಕೈಗುಣ.) ವಿಷಯ ಇಷ್ಟು: ಒಳಗಿನ ಅನಿಲವನ್ನೆಲ್ಲ ತೆಗೆಯಲಾಗುವುದಿಲ್ಲ. ಒಂದು ಪಾಲು ಒಳಗೇ ಇದ್ದು ಒತ್ತಡ ಉಳಿಸಿದರಷ್ಟೇ ಉಳಿದದ್ದು ಬೇಕಾದಾಗ ಮೇಲೆ ಬರುತ್ತದೆ. ಬರಿದಾದ ನಿಕ್ಷೇಪಗಳಲ್ಲಿ ಈ ಪಾಲು ಸುಮಾರು ಅರ್ಧ, ನೀರಿನ ಪದರಗಳಲ್ಲಿ ಅದಕ್ಕೂ ಹೆಚ್ಚು, ಉಪ್ಪಿನ ಹಗೇವುಗಳಲ್ಲಿ ಕಾಲು ಭಾಗದಿಂದ ಮೂರನೆಯ ಒಂದರ ಆಸುಪಾಸು. ಕಂಪನಿ ಮುಚ್ಚುವ ದಿನದವರೆಗೂ ಅದನ್ನು ಮುಟ್ಟುವಂತಿಲ್ಲ. ಇದಕ್ಕೆ ಕನ್ನಡದಲ್ಲಿ ಪದ ಹುಡುಕಬೇಕೇ? ‘ಇಡುಗಂಟು’ ಇದೆಯಲ್ಲ! ಇಟ್ಟ ಗಂಟು, ಮುಟ್ಟಬಾರದ ಗಂಟು, ಅದು ಇರುವುದರಿಂದಲೇ ಉಳಿದ ವ್ಯವಹಾರ. ‘ಇಡುಗಂಟಿನ ಅನಿಲ’ ಮತ್ತು ‘ಹಾಕಿ ತೆಗೆಯುವ ಅನಿಲ’ ಎಂದು ನಾನು ತಿದ್ದಿದ್ದೇನೆ. ಲೆಕ್ಕದ ಪುಸ್ತಕದಲ್ಲೂ ಇವೆರಡು ಬೇರೆ ಬೇರೆ ಮನೆಯವು. ಇಡುಗಂಟು ಕಟ್ಟಡ, ಯಂತ್ರಗಳ ಸಾಲಿನಲ್ಲಿ ಸ್ಥಿರ ಆಸ್ತಿಯಾಗಿ ಕೂರುತ್ತದೆ. ಹಾಕಿ ತೆಗೆಯುವುದು ಮಾತ್ರ ಸರಕು, ಅಂದರೆ ಅಪ್ಪಟ ದಾಸ್ತಾನು. ‘ಸಂಗ್ರಹಾಗಾರಗಳು ಶೇ. 90 ತುಂಬಿವೆ’ ಎಂಬ ಸುದ್ದಿಯ ಲೆಕ್ಕವೂ ಹಾಕಿ ತೆಗೆಯುವ ಪಾಲಿನದೇ, ಇಡುಗಂಟು ಸೇರಿಸಿ ಅಲ್ಲ.

ಈಗ ಜಲಜನಕ. ಇದರ ಬಗ್ಗೆ ಬಳಗದಲ್ಲಿ ಹಿಂದೆಯೂ ಜಗಳವಾದ ನೆನಪು, ಆದರೂ ಕೆದಕುತ್ತೇನೆ. 1766ರಲ್ಲಿ ಹೆನ್ರಿ ಕ್ಯಾವೆಂಡಿಶ್ ಈ ಅನಿಲವನ್ನು ಬೇರ್ಪಡಿಸಿ ಗುರುತಿಸಿದಾಗ ಅದಕ್ಕಿದ್ದ ಹೆಸರು ‘ಉರಿಯುವ ಗಾಳಿ’. ಅದನ್ನು ಸುಟ್ಟರೆ ನೀರು ಹುಟ್ಟುತ್ತದೆಂದು ಕಂಡ ಲವಾಸಿಯೆ 1780ರ ದಶಕದಲ್ಲಿ ಗ್ರೀಕ್ ಮೂಲದಿಂದ ‘ನೀರು ಹುಟ್ಟಿಸುವುದು’ ಎಂಬರ್ಥದ ಹೆಸರಿಟ್ಟ. ನಾವು ಅದನ್ನೇ ಸಂಸ್ಕೃತಕ್ಕೆ ತಂದು ಜಲಜನಕ ಎಂದೆವು. ಅಚ್ಚುಕಟ್ಟಾದ ಪದ. ಆದರೆ ಹಣ ಹೂಡುವವರು ಈಗ ಮಾತಾಡುವ ಹೈಡ್ರೋಜನ್ ಯಾವುದು? ವಿದ್ಯುತ್ತಿನಿಂದ ನೀರನ್ನು ಒಡೆದು ತೆಗೆದದ್ದು. ಅಲ್ಲಿ ನೀರೇ ಹೆತ್ತವರು, ಅನಿಲವೇ ಮಗು. ತಂದೆಯ ಹೆಸರು ಮಗುವಿಗೆ ಬಂದು ಕೂತಿದೆ! ನನ್ನ ಗೆಳೆಯರೊಬ್ಬರು ‘ಜಲಜನಕ ಕಂಪನಿ’ಯನ್ನು ನೀರು ತಯಾರಿಸುವ ಕಂಪನಿ ಎಂದು ಅರೆಗಳಿಗೆ ತಿಳಿದದ್ದು ತಮಾಷೆಯಲ್ಲ. ಲೆಕ್ಕದಲ್ಲಿ ಅದು ತೀರಾ ಉಲ್ಟಾ: ಒಂದು ಕಿಲೋ ಹೈಡ್ರೋಜನ್ ತೆಗೆಯಲು ಕನಿಷ್ಠ 9 ಕಿಲೋ ನೀರು ಒಡೆಯಬೇಕು, ಅದಕ್ಕೆ 50 ಯೂನಿಟ್ಟಿಗೂ ಹೆಚ್ಚು ವಿದ್ಯುತ್ ಬೇಕು. ಇಂಥ ಕಂಪನಿಯ ಹಣೆಬರಹ ಬರೆಯುವುದು ವಿದ್ಯುತ್ತಿನ ದರವೇ.

ಅರ್ಥ ಹೊಂದದ ಪದವನ್ನು ಬಿಟ್ಟುಬಿಡಿ ಎಂದು ನಾನು ವಾದಿಸಿದರೆ ನೀವು ‘ಆಮ್ಲಜನಕ’ ತೋರಿಸುತ್ತೀರಿ ಎಂದು ಗೊತ್ತು. ಎಲ್ಲ ಆಮ್ಲಗಳ ಹುಟ್ಟಿಗೂ ಅದೇ ಕಾರಣ ಎಂದು ನಂಬಿ ಲವಾಸಿಯೆ ಆ ಹೆಸರಿಟ್ಟ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲವೆಂದು 1810ರ ಹೊತ್ತಿಗೆ ಹಂಫ್ರಿ ಡೇವಿ ತೋರಿಸಿಕೊಟ್ಟ. ಹೆಸರು ಸುಳ್ಳಾಗಿ ಇನ್ನೂರು ವರ್ಷ ದಾಟಿತು, ಆಸ್ಪತ್ರೆಯಲ್ಲಿ ಆಮ್ಲಜನಕ ಕೊಡುವುದೇನೂ ನಿಂತಿಲ್ಲ. ಒಪ್ಪಿದೆ. ಪಾಠದ ಪುಸ್ತಕದಲ್ಲಿ ಜಲಜನಕ ಇರಲಿ. ಹೂಡಿಕೆಯ ಬರಹದಲ್ಲಿ ನಾನು ‘ಹೈಡ್ರೋಜನ್’ ಕಡೆಗೆ. ಅದೂ ಗ್ರೀಕಿನಲ್ಲಿ ಅದೇ ಅರ್ಥವನ್ನೇ ಹೇಳುತ್ತದೆ, ಆದರೆ ಕನ್ನಡದ ಕಿವಿಗೆ ಅದು ಏನನ್ನೂ ಹೇಳುವುದಿಲ್ಲವಾದ್ದರಿಂದ ತಪ್ಪನ್ನೂ ಹೇಳುವುದಿಲ್ಲ.

ಬಣ್ಣಗಳ ವಿಚಾರ ಬೇಗ ಮುಗಿಸುತ್ತೇನೆ. ಹಸಿರು, ನೀಲಿ, ಬೂದು ಹೈಡ್ರೋಜನ್ ಎಂದು ಕರಡಿನಲ್ಲಿದೆ. ಅನಿಲಕ್ಕೆ ಬಣ್ಣವಿಲ್ಲ, ಇವು ಹುಟ್ಟಿದ ದಾರಿಯ ಬಣ್ಣಗಳು. ನವೀಕರಿಸಬಲ್ಲ ವಿದ್ಯುತ್ತಿನಿಂದ ನೀರು ಒಡೆದರೆ ಹಸಿರು, ನೈಸರ್ಗಿಕ ಅನಿಲದಿಂದ ತೆಗೆದು ಇಂಗಾಲದ ಡೈಆಕ್ಸೈಡನ್ನು ಹೊರಬಿಟ್ಟರೆ ಬೂದು, ಹಿಡಿದಿಟ್ಟರೆ ನೀಲಿ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಜಗತ್ತು ಬಳಸಿದ ಹೈಡ್ರೋಜನ್ ಸುಮಾರು 9.7 ಕೋಟಿ ಟನ್, ಅದರಲ್ಲಿ ಕಡಿಮೆ ಹೊಗೆಯದು ಶೇ. 1ಕ್ಕೂ ಕಡಿಮೆ. ‘ಹಸಿರು’ ಎಂಬ ಪದ ಕಂಪನಿಯ ಹೆಸರಿನಲ್ಲಿದೆಯೋ ಅದು ಮಾರುವ ಅನಿಲದಲ್ಲಿದೆಯೋ ಎಂದು ವಾಕ್ಯ ಸ್ಪಷ್ಟ ಮಾಡಲಿ, ಅಷ್ಟು ಸಾಕು.

ನನಗೆ ನಿಜವಾಗಿ ಕಸಿವಿಸಿಯಾದದ್ದು ‘ಇಂಧನ ಕೋಶ’. ಫ್ಯೂಯೆಲ್ ಸೆಲ್‌ಗೆ ನಾವು ರೂಢಿ ಮಾಡಿಕೊಂಡ ಪದ. ಜೀವಕೋಶದಿಂದ ಬಂದಿರಬೇಕು. ಆದರೆ ಕೋಶ ಎಂದರೆ ಬೊಕ್ಕಸವೂ ಹೌದು, ಒರೆಯೂ ಹೌದು, ಪದಗಳನ್ನು ತುಂಬಿಟ್ಟ ನಿಘಂಟೂ ಹೌದು. ಎಲ್ಲ ಅರ್ಥಗಳಲ್ಲೂ ಅದು ಏನನ್ನೋ ಒಳಗಿಟ್ಟುಕೊಳ್ಳುವ ಚೀಲ. ಹಾಗಿರುವಾಗ ‘ಇಂಧನ ಕೋಶ’ ಎಂದರೆ ಇಂಧನದ ಬೊಕ್ಕಸ ಎಂದು ನನ್ನ ಎರಡನೆಯ ಗೆಳತಿ ತಿಳಿದದ್ದರಲ್ಲಿ ಆಶ್ಚರ್ಯವೇನು? ಫ್ಯೂಯೆಲ್ ಸೆಲ್ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಒಂದು ಕಡೆಯಿಂದ ಹೈಡ್ರೋಜನ್, ಇನ್ನೊಂದು ಕಡೆಯಿಂದ ಗಾಳಿಯ ಆಮ್ಲಜನಕ ಹಾಯುತ್ತಿರುವವರೆಗೆ ವಿದ್ಯುತ್ ಕೊಡುತ್ತದೆ, ಹಾಯುವುದು ನಿಂತರೆ ಅದೂ ನಿಲ್ಲುತ್ತದೆ. ಅನಿಲ ಕೂಡಿಡುವ ಕಂಪನಿಗಳ ಪಕ್ಕದಲ್ಲೇ ‘ಕೋಶ’ ತಯಾರಿಸುವ ಕಂಪನಿಗಳನ್ನು ಕೂರಿಸಿದರೆ ಓದುವವರು ಎರಡನ್ನೂ ಒಂದೇ ಪಂಕ್ತಿಗೆ ಹಾಕುತ್ತಾರೆ. ಇದಕ್ಕೆ ನನ್ನಲ್ಲಿ ಬದಲಿ ಪದವಿಲ್ಲ, ಸದ್ಯ ‘ಫ್ಯೂಯೆಲ್ ಸೆಲ್’ ಎಂದೇ ಬಿಟ್ಟಿದ್ದೇನೆ.

ಎಲೆಕ್ಟ್ರೊಲೈಸರ್‌ಗೆ ಮಾತ್ರ ಒಂದು ಆಸೆ. ಪಠ್ಯದ ‘ವಿದ್ಯುದ್ವಿಭಜನೆ’ಯಿಂದ ‘ವಿದ್ಯುದ್ವಿಭಜಕ’ ಎಂದು ಕರಡಿನಲ್ಲಿದೆ. ಉಚ್ಚರಿಸುವಷ್ಟರಲ್ಲಿ ನೀರು ಒಡೆದಿರುತ್ತದೆ. ಹಾಲು ಒಡೆಯಿತು ಎನ್ನುವ ನಾವು ನೀರು ಒಡೆಯುವ ಯಂತ್ರ ಎನ್ನಬಾರದೇ? ಒಂದು ದ್ರವ ತನ್ನ ಭಾಗಗಳಾಗಿ ಬೇರೆಯಾಗುವುದಕ್ಕೆ ‘ಒಡೆ’ ಎಂಬ ಕ್ರಿಯಾಪದ ಅಡುಗೆಮನೆಯಲ್ಲೇ ತಯಾರಿದೆ. ಜೊತೆಗೆ ‘ಹೈಡ್ರೋಜನ್ ಕಂಪನಿ’ ಎಂಬ ಮೂಟೆಯನ್ನೂ ಇದು ಬಿಚ್ಚುತ್ತದೆ. ನೀರು ಒಡೆಯುವ ಯಂತ್ರ ಮಾರುವವರು, ಉದಾಹರಣೆಗೆ ನಾರ್ವೆಯ ನೆಲ್, ಬೇರೆ. ಕೈಗಾರಿಕೆಗಳಿಗೆ ಹತ್ತಾರು ಅನಿಲ ಮಾರುತ್ತ ಅದರಲ್ಲಿ ಇದನ್ನೂ ಮಾರುವ ಲಿಂಡೆ, ಏರ್ ಲಿಕ್ವಿಡ್‌ನಂಥವರು ಬೇರೆ. ಮೊದಲಿನವರು ಯಂತ್ರಕ್ಕೆ ಗಿರಾಕಿ ಬರುವ ದಿನಕ್ಕಾಗಿ ಕಾಯುತ್ತಾರೆ, ಎರಡನೆಯವರಿಗೆ ದಶಕಗಳಿಂದ ಗಿರಾಕಿಗಳಿದ್ದಾರೆ. ಒಂದೇ ಹೆಸರಿನಡಿ ಇಬ್ಬರನ್ನೂ ಇಟ್ಟರೆ ಅಪಾಯ ಎಷ್ಟೆಂಬುದು ಮರೆಯಾಗುತ್ತದೆ.

ಕರಡಿನ ಇನ್ನೊಂದು ಎಡವಟ್ಟು ಹೇಳಿ ಹಡಗಿಗೆ ಹೋಗುತ್ತೇನೆ. ಒಂದು ಪುಟದಲ್ಲಿ ‘ಜಲಜನಕದಲ್ಲಿ ನೈಸರ್ಗಿಕ ಅನಿಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ’ ಎಂದಿದೆ. ಮೂರು ಪುಟ ದಾಟಿದರೆ ‘ನೈಸರ್ಗಿಕ ಅನಿಲದ ಮೂರನೆಯ ಒಂದು ಪಾಲು ಶಕ್ತಿ’. ಎರಡೂ ನಿಜ! ಮೊದಲನೆಯದು ತೂಕದ ಲೆಕ್ಕ (ಕಿಲೋಗೆ 120 ಮೆಗಾಜೂಲ್, ಮೀಥೇನಿನದು 50), ಎರಡನೆಯದು ಅದೇ ಒತ್ತಡದಲ್ಲಿ ಗಾತ್ರದ ಲೆಕ್ಕ. ‘ತೂಕಕ್ಕೆ’, ‘ಗಾತ್ರಕ್ಕೆ’ ಎಂಬ ಎರಡು ಪುಟ್ಟ ಪದ ಉದುರಿಹೋಗಿ ಪುಸ್ತಕ ತನ್ನೊಡನೆ ತಾನೇ ಜಗಳಕ್ಕೆ ನಿಂತಿದೆ. ಕೂಡಿಡುವವನಿಗೂ ಸಾಗಿಸುವವನಿಗೂ ಬೇಕಾದದ್ದು ಗಾತ್ರದ ಲೆಕ್ಕ. ಅದೇ ಹಗೇವಿನಲ್ಲಿ ಹೈಡ್ರೋಜನ್ ತುಂಬಿದರೆ ಹಿಡಿಸುವ ಶಕ್ತಿ ಎಷ್ಟೋ ಕಡಿಮೆ.

ಹಡಗಿನ ಭಾಗಕ್ಕೆ ಬಂದರೆ ನನ್ನ ತಕರಾರು ‘ನೌಕಾ’ದ ಮೇಲೆ. ನೌಕಾಪಡೆ, ನೌಕಾನೆಲೆ, ನೌಕಾದಳ ಎಂದು ಆ ಪೂರ್ವಪದ ಸಮವಸ್ತ್ರ ತೊಟ್ಟು ಬಹಳ ಕಾಲವಾಯಿತು. ‘ನೌಕಾ ನಿರ್ಮಾಣ’ ಎಂದರೆ ಯುದ್ಧದ ಹಡಗು ಕಣ್ಣಿಗೆ ಬರುತ್ತದೆ. ಸರಕಿನ ಹಡಗು, ಅನಿಲದ ಹಡಗು ಕಟ್ಟುವವರ ಬಗ್ಗೆ ಬರೆಯುವಾಗ ಅದು ಸಲ್ಲದು. ಹಳಗನ್ನಡದ ‘ಪಡಗು’ ಪಕಾರ ಕಳೆದುಕೊಂಡು ‘ಹಡಗು’ ಆಗಿ ಕೂತಿದೆ, ತಮಿಳಿನಲ್ಲಿ ‘ಪಡಗು’ ಇನ್ನೂ ದೋಣಿಯಾಗಿ ತೇಲುತ್ತಿದೆ. ಹಡಗನ್ನು ನಾವು ನಿರ್ಮಿಸುವುದಿಲ್ಲ, ಕಟ್ಟುತ್ತೇವೆ. ಮನೆ ಕಟ್ಟುವ ‘ಕಟ್ಟು’ ಅದು, ಜೊತೆಗೆ ಹಗ್ಗ ಕಟ್ಟುವ ‘ಕಟ್ಟು’ವೂ ಹೌದು. ಹಿಂದೂ ಮಹಾಸಾಗರದಲ್ಲಿ ಶತಮಾನಗಳ ಕಾಲ ಮೊಳೆಯಿಲ್ಲದೆ, ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ಕಟ್ಟಿದ ಹಡಗುಗಳು ಓಡಾಡಿದವು ಎಂಬುದನ್ನು ನೆನೆದರೆ ಈ ಕ್ರಿಯಾಪದ ಇನ್ನಷ್ಟು ಇಷ್ಟವಾಗುತ್ತದೆ. ಪದದ ಹುಟ್ಟು ಅಲ್ಲೇ ಎಂದು ನಾನು ಹೇಳುತ್ತಿಲ್ಲ, ಇಷ್ಟವಾಗುತ್ತದೆ ಎಂದಷ್ಟೇ.

ಮೂರನೆಯ ಗೆಳೆಯ ಎಡವಿದ್ದು ಇಲ್ಲಿ. ‘ನೌಕಾ ಕಂಪನಿ’ ಅಥವಾ ‘ಹಡಗು ಕಂಪನಿ’ ಎಂದರೆ ಹಡಗು ಓಡಿಸುವವರೋ ಕಟ್ಟುವವರೋ? 2021ರಲ್ಲಿ ಕಂಟೇನರ್ ಹಡಗುಗಳ ಬಾಡಿಗೆ ಮುಗಿಲು ಮುಟ್ಟಿ ಓಡಿಸುವವರು ಹಿಂದೆಂದೂ ಕಾಣದ ಲಾಭ ಕಂಡರು. ಅದೇ ವರ್ಷ ದಕ್ಷಿಣ ಕೊರಿಯಾದ ಮೂರು ದೊಡ್ಡ ಹಡಗು ಕಟ್ಟುವ ಕಂಪನಿಗಳು ದೊಡ್ಡ ನಷ್ಟ ತೋರಿಸಿದವು. ಕಾರಣ ಸರಳ. ಹಡಗಿನ ಬೆಲೆಯನ್ನು ಒಪ್ಪಂದದ ದಿನವೇ ಗೊತ್ತುಮಾಡುತ್ತಾರೆ, ಹಡಗು ಕೈಸೇರುವುದು ಎರಡು ಮೂರು ವರ್ಷಕ್ಕೆ. ಈ ನಡುವೆ ಉಕ್ಕಿನ ತಗಡಿನ ಬೆಲೆ ಏರಿದರೆ ಹೊರೆ ಕಟ್ಟುವವನ ಹೆಗಲಿಗೆ. ಬಾಡಿಗೆ ಏರಿದ್ದರ ಫಲ ಅವನಿಗೆ ಸಿಗುವುದು ಹೊಸ ಆರ್ಡರ್ ರೂಪದಲ್ಲಿ, ವರ್ಷಗಳ ನಂತರ. ಆದ್ದರಿಂದ ‘ಹಡಗು ಓಡಿಸುವ ಕಂಪನಿ’, ‘ಹಡಗು ಕಟ್ಟುವ ಕಂಪನಿ’ ಎಂದು ಕ್ರಿಯಾಪದ ಹಾಕಿಯೇ ಬರೆಯಬೇಕು ಎಂದು ಹಟ ಹಿಡಿದಿದ್ದೇನೆ. ಉದ್ದವಾಯಿತು ಎಂದು ಪ್ರಕಾಶಕರು ಗೊಣಗುತ್ತಿದ್ದಾರೆ.

‘ಆರ್ಡರ್ ಬುಕ್’ ಕೂಡ ಹೀಗೆಯೇ ಎರಡು ತಲೆಯದು. ಷೇರು ಪೇಟೆಯಲ್ಲಿ ಅದು ಕೊಳ್ಳುವ ಮಾರುವ ಕೋರಿಕೆಗಳ ಪಟ್ಟಿ, ಕ್ಷಣಕ್ಕೊಮ್ಮೆ ಬದಲಾಗುವಂಥದ್ದು. ಹಡಗು ಕಟ್ಟೆಯಲ್ಲಿ ಅದು ವರ್ಷಗಟ್ಟಲೆ ಮುಗಿಯದ ಒಪ್ಪಿಕೊಂಡ ಕೆಲಸ. ಒಂದೇ ಪುಸ್ತಕದಲ್ಲಿ ಎರಡೂ ಬರುವುದರಿಂದ ಎರಡನೆಯದನ್ನು ‘ಒಪ್ಪಿಕೊಂಡ ಕೆಲಸ’ ಎಂದೇ ಬರೆದೆ. ಅದರಲ್ಲೊಂದು ಎಚ್ಚರಿಕೆಯೂ ಅಡಗಿದೆ: ಒಪ್ಪಿಕೊಂಡ ಕೆಲಸ ಗಳಿಸಿದ ಹಣವಲ್ಲ.

ಅಳತೆಯ ಪದ ‘ಟನ್’ ಬಗ್ಗೆ ಯಾರಾದರೂ ಹಿಂದೆ ಬರೆದಿದ್ದರೆ ಕೊಂಡಿ ಕಳಿಸಿ. ದ್ರಾಕ್ಷಾರಸದ ದೊಡ್ಡ ಪೀಪಾಯಿಯ ಹೆಸರಿನಿಂದ ಬಂದ ಪದ ಅದು, ಹಡಗಿನಲ್ಲಿ ಎಷ್ಟು ಪೀಪಾಯಿ ಹಿಡಿಸುತ್ತದೆ ಎಂಬುದರಿಂದ ಸುಂಕ. ಅದಕ್ಕೇ ‘ಗ್ರಾಸ್ ಟನ್ನೇಜ್’ ಇವತ್ತಿಗೂ ತೂಕವಲ್ಲ, ಒಳಗಿನ ಜಾಗದ ಅಳತೆ. ‘ಡೆಡ್‌ವೇಟ್ ಟನ್’ ಹಡಗು ಹೊರಬಲ್ಲ ತೂಕ. ಕಟ್ಟುವವರು ಬಳಸುವ ‘ಪರಿಹಾರಿತ ಗ್ರಾಸ್ ಟನ್’ (‘ಕಾಂಪೆನ್ಸೇಟೆಡ್ ಗ್ರಾಸ್ ಟನ್’ಗೆ ಕರಡಿನ ಅನುವಾದ, ನೆರೆ ಪರಿಹಾರದ ನೆನಪು ತರುವಂಥದ್ದು) ಜಾಗವೂ ಅಲ್ಲ, ತೂಕವೂ ಅಲ್ಲ, ಆ ಬಗೆಯ ಹಡಗು ಕಟ್ಟಲು ಬೇಕಾಗುವ ಕೆಲಸದ ಅಳತೆ. ಚೀನಾ, ದಕ್ಷಿಣ ಕೊರಿಯಾ, ಜಪಾನ್ ಸೇರಿ ಜಗತ್ತಿನ ಹಡಗುಗಳಲ್ಲಿ ಶೇ. 90ಕ್ಕೂ ಹೆಚ್ಚನ್ನು ಕಟ್ಟುತ್ತವೆ ಎನ್ನುವಾಗ ಬಳಸುವ ಅಳತೆ ಸಾಮಾನ್ಯವಾಗಿ ಇದೇ. ‘ಕೆಲಸದ ಟನ್’ ಎಂದರೆ ಹೇಗೆ?

ಇಷ್ಟೆಲ್ಲ ಹೇಳಿದ ಮೇಲೆ, ಅನಿಲ, ಹೈಡ್ರೋಜನ್, ಹಡಗು ಈ ಮೂರನ್ನೂ ಒಂದೇ ಅಧ್ಯಾಯದಲ್ಲಿ ಕಟ್ಟಿಹಾಕಿದ್ದು ಏಕೆ ಎಂಬುದು ನನಗೂ ಆಮೇಲೆ ಹೊಳೆಯಿತು. ಮೂರೂ ಕೂಡುವ ಜಾಗ ಹಡಗಿನ ತೊಟ್ಟಿ. ನೈಸರ್ಗಿಕ ಅನಿಲವನ್ನು ಸೊನ್ನೆಗಿಂತ 162 ಡಿಗ್ರಿ ಕೆಳಗೆ ತಣಿಸಿದರೆ ದ್ರವವಾಗಿ ಸುಮಾರು 600ರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಈಗ ಸಾಮಾನ್ಯವಾಗಿ ಕಟ್ಟುವ ದ್ರವಾನಿಲದ ಹಡಗಿನಲ್ಲಿ ಅದು 1,74,000 ಘನಮೀಟರ್ ಹಿಡಿಸುತ್ತದೆ. ಆ ಚಳಿಗೆ ಹಡಗಿನ ಉಕ್ಕು ಗಾಜಿನಂತೆ ಸಿಡಿಯುತ್ತದೆ. ಅದಕ್ಕೆ ಒಳಗೊಂದು ತೆಳು ಲೋಹದ ಹಾಳೆ, ಅದರ ಹಿಂದೆ ಶಾಖ ತಡೆಯುವ ಪದರ. ಫ್ರಾನ್ಸಿನ ಜಿಟಿಟಿ ಎಂಬ ಕಂಪನಿ ಹಡಗು ಕಟ್ಟುವುದಿಲ್ಲ, ಓಡಿಸುವುದಿಲ್ಲ, ಅನಿಲ ಮಾರುವುದಿಲ್ಲ. ಈ ಹಾಳೆಯ ವಿನ್ಯಾಸವನ್ನು ಕೊರಿಯಾ, ಚೀನಾದ ಕಟ್ಟುವವರಿಗೆ ಕೊಟ್ಟು ಗೌರವಧನ ಪಡೆಯುತ್ತದೆ. (‘ರಾಯಲ್ಟಿ’ಗೆ ಗೌರವಧನ ಎಂದು ನಾವು ಸಾಹಿತಿಗಳ ಲೆಕ್ಕದಲ್ಲಿ ರೂಢಿ ಮಾಡಿಕೊಂಡದ್ದು ಇಲ್ಲಿ ಎಷ್ಟು ಹಾಸ್ಯಾಸ್ಪದ ಎಂದು ಬರೆಯುತ್ತಿರುವಾಗಲೇ ಗೊತ್ತಾಯಿತು. ‘ರಾಯಲ್ಟಿ’ ಎಂದು ಓದಿಕೊಳ್ಳಿ.) ಅದರ ಒಂದು ಬಗೆಯ ಹಾಳೆ ಶೇ. 36 ನಿಕ್ಕಲ್ ಇರುವ ಇನ್ವಾರ್ ಎಂಬ ಮಿಶ್ರಲೋಹದ್ದು, ದಪ್ಪ 0.7 ಮಿಲಿಮೀಟರ್. ಕರಡಿನಲ್ಲಿ ಇದಕ್ಕೆ ‘ಪೊರೆ’ ಎಂದಿದೆ. ಕಣ್ಣಿನ ಪೊರೆ, ಹಾವಿನ ಪೊರೆಯ ಪೊರೆ. ಇಡೀ ಕರಡಿನಲ್ಲಿ ನಾನು ಕೈಹಚ್ಚದೆ ಬಿಟ್ಟ ಪದಗಳಲ್ಲಿ ಇದೊಂದು.

ಹೈಡ್ರೋಜನ್ ದ್ರವವಾಗಲು ಸೊನ್ನೆಗಿಂತ 253 ಡಿಗ್ರಿ ಕೆಳಗಿಳಿಯಬೇಕು. ಅದನ್ನು ಹಾಗೆ ಹೊತ್ತು 2022ರಲ್ಲಿ ಆಸ್ಟ್ರೇಲಿಯಾದಿಂದ ಜಪಾನಿಗೆ ಬಂದ ಮೊದಲ ಹಡಗು ‘ಸುಯಿಸೊ ಫ್ರಾಂಟಿಯರ್’, ಕಟ್ಟಿದ್ದು ಕವಾಸಾಕಿ. ಅದರ ತೊಟ್ಟಿ 1,250 ಘನಮೀಟರ್. ಮೇಲಿನ 1,74,000ದ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಹೂಡುವವರು ಎಷ್ಟು ದೂರದ ನಾಳೆಗೆ ಹಣ ಕೊಡುತ್ತಿದ್ದಾರೆಂದು ತಿಳಿಯುತ್ತದೆ. ಅಂದಹಾಗೆ ‘ಸುಯಿಸೊ’ ಜಪಾನಿಯಲ್ಲಿ ಹೈಡ್ರೋಜನ್, ಅಕ್ಷರಶಃ ‘ನೀರಿನ ಮೂಲವಸ್ತು’. ಹೆತ್ತದ್ದು ಯಾರು, ಹುಟ್ಟಿದ್ದು ಯಾರು ಎಂಬ ಗೋಜಿಗೇ ಅವರು ಹೋಗಿಲ್ಲ. ಹೊಟ್ಟೆಕಿಚ್ಚಾಗುತ್ತದೆ.

ತಲೆಬರಹದ ಕೊನೆಯ ಪದ ‘ಹೂಡಿಕೆ’. ಇದನ್ನು ಮುಟ್ಟುವುದಿಲ್ಲ. ನೊಗ ಹೂಡು, ಬಾಣ ಹೂಡು, ಬಿಡಾರ ಹೂಡು, ಸಂಚು ಹೂಡು, ದಾವೆ ಹೂಡು. ಎಲ್ಲವೂ ಮುಂದಾಗಬೇಕಾದ ಒಂದಕ್ಕಾಗಿ ಈಗ ಅಣಿಮಾಡುವುದೇ. ‘ತೊಡಗಿಸು’ ಎಂದೂ ಕರಡಿನಲ್ಲಿ ಕೆಲವೆಡೆ ಇದೆ. ಇಂಗ್ಲಿಷಿನ ಪದದ ಲ್ಯಾಟಿನ್ ಬೇರಿನಲ್ಲಿ ‘ಬಟ್ಟೆ ತೊಡಿಸು’ ಎಂಬ ಅರ್ಥವಿದೆ, ನಮ್ಮ ‘ತೊಡು’ ಬಟ್ಟೆಗೂ ಆಗುತ್ತದೆ ಬಾಣಕ್ಕೂ ಆಗುತ್ತದೆ. ಇದರಿಂದ ‘ತೊಡಗಿಸು’ವಿಗೆ ನಂಟು ಕಟ್ಟಲು ಯಾರೂ ಹೊರಡಬೇಡಿ, ಹಿಂದಿನ ಸಲ ಇಂಥದ್ದೇ ಒಂದು ಚರ್ಚೆ ಮೂರು ತಿಂಗಳು ನಡೆಯಿತು.

ತಲೆಬರಹವನ್ನು ಸದ್ಯಕ್ಕೆ ಹೀಗೆ ತಿದ್ದಿದ್ದೇನೆ: ‘ಅನಿಲ ಕೂಡಿಡುವ, ಹೈಡ್ರೋಜನ್ ತೆಗೆಯುವ, ಹಡಗು ಕಟ್ಟುವ ಕಂಪನಿಗಳಲ್ಲಿ ಹೂಡಿಕೆ’. ಮೂರು ಕ್ರಿಯಾಪದ ಬಂದವು. ‘ಕೂಡಿಡುವ’ ಎಂಬುದು ಹೈಡ್ರೋಜನ್ನಿಗೂ ಸೇರುತ್ತದೋ ಎಂಬ ಅನುಮಾನವೂ ಹೋಯಿತು. ‘ತೆಗೆಯುವ’ ಎಂಬುದು ಯಂತ್ರ ಮಾರುವವರನ್ನು ಹೊರಗಿಡುತ್ತದೆ ಎಂದು ನೀವು ಹೇಳುವ ಮೊದಲೇ ಒಪ್ಪಿಕೊಳ್ಳುತ್ತೇನೆ. ಬೇರೆ ದಾರಿ ಕಂಡರೆ ತಿಳಿಸಿ.

ನನಗೆ ನಿಜವಾಗಿ ಬೇಕಾಗಿರುವ ಪದ ಇನ್ನೊಂದಿದೆ. ದ್ರವಾನಿಲದ ಹಡಗಿನ ತೊಟ್ಟಿಯೊಳಕ್ಕೆ ಎಷ್ಟು ತಡೆದರೂ ಒಂದಿಷ್ಟು ಬಿಸಿ ನುಸುಳುತ್ತದೆ. ದಿನಕ್ಕೆ ತೊಟ್ಟಿಯ ಸಾವಿರದಲ್ಲಿ ಒಂದು ಪಾಲಿನ ಆಸುಪಾಸು ಕುದಿದು ಮತ್ತೆ ಅನಿಲವಾಗುತ್ತದೆ. ಕರಡಿನಲ್ಲಿ ಅದಕ್ಕೆ ‘ಆವಿ ನಷ್ಟ’ ಎಂದಿದೆ. ಆದರೆ ಅದು ಪೂರ್ತಿ ನಷ್ಟವಲ್ಲ. ಹಡಗಿನ ಎಂಜಿನ್ ಅದನ್ನೇ ಉರಿಸಿ ದಾರಿ ಸವೆಸುತ್ತದೆ, ಉಳಿದರೆ ಕೆಲವು ಹಡಗುಗಳು ಮತ್ತೆ ತಣಿಸಿ ತೊಟ್ಟಿಗೇ ಬಿಡುತ್ತವೆ. ಬಾಡಿಗೆಯ ಒಪ್ಪಂದದಲ್ಲಿ ಇದು ಯಾರ ಲೆಕ್ಕಕ್ಕೆ ಎಂದು ಬರೆದೇ ಇರುತ್ತದೆ. ಸೋರಿದ್ದಲ್ಲ, ಬತ್ತಿದ್ದಲ್ಲ, ಇಂಗಿದ್ದಲ್ಲ. ಹೊತ್ತೊಯ್ಯುವ ಸರಕಿನಲ್ಲೇ ಒಂದು ಪಾಲು ಹೊರುವವನ ದಾರಿಖರ್ಚಿಗೆ ಸಲ್ಲುವುದಕ್ಕೆ ಗಾಡಿಯವರ, ದೋಣಿಯವರ, ಎಣ್ಣೆ ಗಾಣದವರ ಮಾತಿನಲ್ಲಿ ಪದವೊಂದು ಇದ್ದಿರಲೇಬೇಕು. ಮನೆಯ ಹಿರಿಯರನ್ನು ಕೇಳಿ ನೋಡಿ, ಸಿಕ್ಕರೆ ಇಲ್ಲೇ ಬರೆಯಿರಿ. ಕರಡು ಇನ್ನು ಹತ್ತು ದಿನ ನನ್ನ ಬಳಿ ಇರುತ್ತದೆ.